ಮಸಾರಿ ನೆಲದ ಹಿತ್ತಲು

ಕೊಪ್ಪಳದ ಅಂಚಿನ ಬಡಾವಣೆಯೊಂದರಲ್ಲಿ ನಾವು ಅಕ್ಕಪಕ್ಕದ ಎರಡು ಪ್ಲಾಟುಗಳನ್ನು ಕೊಂಡು, ಒಂದರಲ್ಲಿ ಮನೆ ಕಟ್ಟಿಸಿ, 30 ಅಡಿ ಅಗಲ 50 ಅಡಿ ಉದ್ದದ ಇನ್ನೊಂದನ್ನು ಹಿತ್ತಲಿಗೆಂದು ಉಳಿಸಿಕೊಂಡೆವು. ಬಡಾವಣೆಯಾಗುವ ಮೊದಲು ಅದು ಸಜ್ಜೆ, ಶೇಂಗಾ ಬೆಳೆಯುತ್ತಿದ್ದ ಮಸಾರಿ, ಅಂದರೆ ಕೆಂಪು ಮಣ್ಣಿನ, ಹೊಲವಾಗಿತ್ತು. ನೆಲ ಸಮ ಮಾಡಿದವರು ಬದುಗಳನ್ನು ಕೆಡವಿ, ಬದುವಿನ ಮೇಲಿದ್ದ ಬೇವು, ಬನ್ನಿ, ಬಾರೆ ಗಿಡಗಳನ್ನು ಜೆಸಿಬಿಯಿಂದ ಕಿತ್ತುಹಾಕಿ, ಮೇಲ್ಮಣ್ಣನ್ನೂ ಅಷ್ಟಿಷ್ಟು ಹೆರೆದುಕೊಂಡು ಹೋಗಿದ್ದರಿಂದ ನಮ್ಮ ಪಾಲಿಗೆ ಉಳಿದದ್ದು ಒಂದು ಗೇಣು ಕೆಂಪು ಮಣ್ಣು, ಅದರ ಕೆಳಗೆ ಹಾರೆಗೂ ಜಗ್ಗದ ಗರಸು ಮತ್ತು ಮೂಲೆಯಲ್ಲಿ ತಾನಾಗಿ ಎದ್ದು ನಿಂತ ಬಳ್ಳಾರಿ ಜಾಲಿಯ ಪೊದೆ. ಆ ನೆಲದಲ್ಲಿ ನಮಗೆ ನೆರಳು, ಹೂವು, ಒಂದಿಷ್ಟು ಹಣ್ಣು ಬೇಕಾಗಿದ್ದವು. ಅದರ ಜೊತೆಗೆ, ಬದುವಿನೊಂದಿಗೆ ನೆಲೆ ಕಳೆದುಕೊಂಡ ಹಕ್ಕಿ, ಹುಳು, ಓತಿಗಳಿಗೂ ಅಲ್ಲಿ ಜಾಗವಿರಬೇಕು ಎಂಬುದು ನನ್ನ ಇರಾದೆಯಾಗಿತ್ತು.

ನಮ್ಮ ಕಡೆ ಹಿತ್ತಲು ಮಾಡುವವರು ಗಿಡದ ಹೆಸರು ಬರೆದುಕೊಳ್ಳುವ ಮುಂಚೆ ನೀರಿನ ಲೆಕ್ಕ ಹಾಕಬೇಕು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾಗುವ ಸೀಮೆ ಇದು. ಅದರಲ್ಲಿಯೂ ದೊಡ್ಡ ಪಾಲು ಬರುವುದು ಹುಬ್ಬಿ, ಉತ್ತರಿ ಮಳೆಗಳ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ತಿಂಗಳ ಆಸುಪಾಸಿನಲ್ಲಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ನಳದ ನೀರು ದಿನಾಲೂ ಬರುವುದಿಲ್ಲ, ಬೋರಿನ ನೀರು ಗಡಸು. ಹುಲ್ಲುಹಾಸಿನ ಕೆಲಸ ಮಾಡುವವರೊಬ್ಬರು ನೆಲ ನೋಡಲು ಬಂದು, “ಮ್ಯಾಡಂ, ಮೆಕ್ಸಿಕನ್ ಹುಲ್ಲು ಹಾಸಿ ನಾಕು ಪಾಮ್ ಗಿಡ ನಿಲ್ಲಿಸಿದ್ರ ಮನೀ ಖದರ್ ಬ್ಯಾರೇನ ಆಗತೈತ್ರಿ” ಎಂದರು. ಖದರಿನ ಮಾತು ನಿಜವಿರಬಹುದು. ಆದರೆ ಬೇಸಿಗೆಯಲ್ಲಿ ಹಸಿರಾಗಿ ಉಳಿಯಬೇಕಾದ ಹುಲ್ಲುಹಾಸಿಗೆ ದಿನಕ್ಕೆ ಐದಾರು ಮಿಲಿಮೀಟರಿನಷ್ಟು ನೀರು ಬೇಕಾಗುತ್ತದೆ, ಸಾವಿರ ಚದರಡಿಗೆ ಅದು ಸುಮಾರು 500 ಲೀಟರ್ ಆಗುತ್ತದೆ; ನಮ್ಮ ಮನೆಯ ನಾಲ್ಕು ಮಂದಿ ಅಡಿಗೆ, ಸ್ನಾನ, ಬಟ್ಟೆ ಎಲ್ಲ ಸೇರಿಸಿ ಬಳಸುವ ನೀರಿಗೆ ಅದು ಹೆಚ್ಚುಕಡಿಮೆ ಸಮ. ಇನ್ನೊಂದು ಕಾರಣ ನನಗೆ ಇದಕ್ಕಿಂತಲೂ ಮುಖ್ಯವಾಗಿತ್ತು. ಆಗಾಗ ಕತ್ತರಿಸುವ ಹುಲ್ಲಿಗೆ ತೆನೆ ಬರುವುದಿಲ್ಲ, ಹೊರನಾಡಿನಿಂದ ಬಂದ ಅಲಂಕಾರದ ಗಿಡಗಳ ಎಲೆಯನ್ನು ಇಲ್ಲಿಯ ಹುಳುಗಳು ಹೆಚ್ಚಾಗಿ ಮುಟ್ಟುವುದಿಲ್ಲ, ಹುಳು ಮುಟ್ಟದ ಗಿಡದಲ್ಲಿ ಹಕ್ಕಿಗೂ ಕೆಲಸವಿರುವುದಿಲ್ಲ.

ಹೀಗಾಗಿ ಮೊದಲ ಖರ್ಚು ಮಣ್ಣಿನ ಕೆಲಸಕ್ಕೆ ಹೋಯಿತು. ಪ್ಲಾಟಿನ ಇಳಿಜಾರು ಬಡಗಣದಿಂದ ತೆಂಕಣಕ್ಕೆ ಇದ್ದುದರಿಂದ ಆ ಇಳಿಜಾರಿಗೆ ಅಡ್ಡಲಾಗಿ ಒಂದು ಅಡಿ ಆಳದ ಎರಡು ಕಾಲುವೆಗಳನ್ನು ತೋಡಿಸಿ, ತೋಡಿದ ಮಣ್ಣನ್ನು ಕೆಳಮಗ್ಗುಲಿಗೆ ಬದುವಾಗಿ ಕಟ್ಟಿಸಿದೆವು. ಕೆಡವಿದ ಬದುವನ್ನೇ ಮತ್ತೆ ಕಟ್ಟುತ್ತಿರುವುದನ್ನು ಕಂಡು ಕೆಲಸದವರು ನಕ್ಕರು. ಮಾಳಿಗೆಯ ನೀರನ್ನು ಗೌಂಡಿಯು ರಸ್ತೆಯ ಚರಂಡಿಗೆ ಇಳಿಸಲು ಕೊಳವೆ ಜೋಡಿಸಿದ್ದರು. ಅದನ್ನು ಬಿಡಿಸಿ ಒಂದು ಟಾಕಿಗೆ, ಟಾಕಿ ತುಂಬಿದ ಮೇಲೆ ಈ ಕಾಲುವೆಗಳಿಗೆ ಹರಿಯುವಂತೆ ತಿರುಗಿಸಿದೆವು. ಸಾವಿರ ಚದರಡಿಯ ಮಾಳಿಗೆಯ ಮೇಲೆ ಒಂದು ಅಂಗುಲ, ಅಂದರೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2300 ಲೀಟರ್ ನೀರಾಗುತ್ತದೆ. ನಮ್ಮ ಸೀಮೆಯ ಮಳೆ ತಿಂಗಳುಗಟ್ಟಲೆ ಜಿಟಿಜಿಟಿ ಹಿಡಿಯುವುದಿಲ್ಲ, ಒಂದು ಸಂಜೆ ಧೋ ಎಂದು ಸುರಿದು ಹೋಗುತ್ತದೆ. ಆ ಒಂದು ಸಂಜೆಯ ನೀರು ನೆಲದೊಳಗೆ ನಿಂತರೆ ಹದಿನೈದು ದಿನ ಗಿಡಗಳ ಯೋಚನೆ ಬೇಕಾಗಿಲ್ಲ. ಬಚ್ಚಲ ನೀರನ್ನು ಬಾಳೆ, ಕೆಸುವಿನ ಮಡಿಗೆ ಬಿಟ್ಟೆವು.

ಬಳ್ಳಾರಿ ಜಾಲಿಯನ್ನು ತೆಗೆಯುವುದು ಎಲ್ಲಕ್ಕಿಂತ ತ್ರಾಸದ ಕೆಲಸ. ಅಮೆರಿಕ ಖಂಡದಿಂದ ಬಂದು ನಮ್ಮ ಕೆರೆಯಂಗಳ, ಗಾಯರಾಣ (ಗೋಮಾಳ), ರಸ್ತೆಯ ಬದಿಗಳನ್ನೆಲ್ಲ ಆವರಿಸಿಕೊಂಡಿರುವ ಈ ಗಿಡವನ್ನು ನೆಲಮಟ್ಟಕ್ಕೆ ಕಡಿದರೆ ಒಂದು ಮಳೆಗೆ ಹತ್ತು ಚಿಗುರು ಹೊಡೆಯುತ್ತದೆ. ಬುಡದ ಸುತ್ತ ಅಗೆದು, ಬೇರಿನ ಕೊರಳನ್ನು ನೆಲದ ಒಳಗೆ ಒಂದು ಅಡಿಯವರೆಗೂ ಬಿಡಿಸಿ, ಅಲ್ಲಿಂದ ಕೆಳಗೆ ಕತ್ತರಿಸಿದರೆ ಮಾತ್ರ ಅದು ಸುಮ್ಮನಾಗುತ್ತದೆ. ಕಡಿದ ಕಟ್ಟಿಗೆಯಲ್ಲಿ ದಪ್ಪನೆಯ ಎರಡು ಬೊಡ್ಡೆಗಳನ್ನು ಒಲೆಗೆ ಕೊಡದೆ ಹಿತ್ತಲ ಮೂಲೆಯಲ್ಲಿ ಉರುಳಿಸಿ ಇಟ್ಟೆ. ಅದನ್ನು ಯಾಕೆ ಇಟ್ಟಿದ್ದೀರಿ ಎಂದು ಬಂದವರೆಲ್ಲ ಕೇಳಿದರು. ಉತ್ತರವನ್ನು ಕೆಲಕಾಲದ ನಂತರ ಬಡಗಿ ದುಂಬಿಗಳು ಕೊಟ್ಟವು. ಹೆಬ್ಬೆರಳ ಗಾತ್ರದ ಈ ಕರಿಯ ದುಂಬಿಗಳು ಒಣಗಿದ ಬೊಡ್ಡೆಯಲ್ಲಿ ಬೈರಿಗೆಯಿಂದ ಕೊರೆದಷ್ಟು ದುಂಡಗಿನ ತೂತು ಮಾಡಿ, ಒಳಗೆ ಪರಾಗದ ಮುದ್ದೆಯಿಟ್ಟು ಮರಿ ಮಾಡುತ್ತವೆ. ಕೊರೆಯುವಾಗ ಕೆಳಗೆ ಉದುರಿದ ಹಳದಿ ಹೊಟ್ಟು ದಿನಾ ಬೆಳಿಗ್ಗೆ ಕಸಬರಿಗೆಗೆ ಸಿಗುತ್ತಿತ್ತು.

ಗಿಡ ಹಚ್ಚುವ ಗುಂಡಿಗಳನ್ನು ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳಕ್ಕೆ ಬೇಸಿಗೆಯಲ್ಲಿಯೇ ತೋಡಿಸಿ ಬಿಸಿಲಿಗೆ ಬಿಟ್ಟಿದ್ದೆವು. ಗರಸನ್ನು ಹೊರಗೆ ಹಾಕಿ, ಊರಿನಿಂದ ತರಿಸಿದ ತಿಪ್ಪೆಗೊಬ್ಬರ, ಕೆರೆಯ ಗೋಡು, ಒಂದೆರಡು ಹಿಡಿ ಬೇವಿನ ಹಿಂಡಿ ಕಲಸಿ ತುಂಬಿದೆವು. ಮಸಾರಿ ನೆಲದಲ್ಲಿ ಗೆದ್ದಲಿನ ಕಾಟ ಬಹಳ, ಎಳೆಯ ಸಸಿಯ ಬೇರಿಗೆ ಬೇವಿನ ಹಿಂಡಿ ಒಂದಷ್ಟು ಕಾವಲು. ಮುಚ್ಚಿಗೆಗೆ ಶೇಂಗಾ ಹೊಟ್ಟು ನಮ್ಮಲ್ಲಿ ಅಗ್ಗ, ಗಂಗಾವತಿ ಕಡೆಯಿಂದ ಭತ್ತದ ಹುಲ್ಲೂ ಬರುತ್ತದೆ. ಎರಡನ್ನೂ ಬುಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹರಡಬೇಕು. ಆರಿದ್ರಾ ಮಳೆ ಬಿದ್ದು ನೆಲ ನೆನೆದ ಮೇಲೆ ಹಚ್ಚುವ ಕೆಲಸ ಶುರುವಾಯಿತು. ಸಸಿಗಳಲ್ಲಿ ಬಹುಪಾಲು ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದಲ್ಲಿ ಸಿಕ್ಕವು.

ಯಾವ ಗಿಡ ಹಚ್ಚಬೇಕು ಎಂಬುದಕ್ಕೆ ನಾನು ನರ್ಸರಿಯ ಪಟ್ಟಿಯನ್ನು ನೋಡಲಿಲ್ಲ. ಗವಿಮಠದ ಹಿಂದಿನ ಗುಡ್ಡಗಳಲ್ಲಿ, ಹೊಸಪೇಟೆಯ ಆಚೆ 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದ ಕುರುಚಲಿನಲ್ಲಿ ಯಾರ ಕೈನೀರೂ ಇಲ್ಲದೆ ಮೇ ತಿಂಗಳಿನಲ್ಲಿಯೂ ಎಲೆ ಹಿಡಿದು ನಿಂತಿರುವುದು ಯಾವುದು ಎಂದು ನೋಡಿಕೊಂಡು ಬಂದೆ. ಪಡುವಣ ಬಿಸಿಲಿಗೆ ಅಡ್ಡವಾಗಿ ಬೇವು ಮತ್ತು ಹೊಂಗೆ, ಬೇಲಿಯುದ್ದಕ್ಕೂ ಮುಳ್ಳುಪೊದೆಯಾದ ಕವಳಿ ಮತ್ತು ತಂಗಡಿ, ಒಂದು ಬಾರೆ, ಒಂದು ನುಗ್ಗೆ, ಅಡಿಗೆಮನೆಯ ಹಿಂದೆ ನಿಂಬೆ, ಕರಿಬೇವು, ಪೇರಲ, ದಾಸವಾಳ, ಔಡಲ ಬಂದವು. ನೆರಳಿಗೆ ಅವಸರವಿದ್ದ ಕಡೆ ಒಂದು ಸಿಂಗಾಪುರ ಚೆರ್ರಿ ಹಚ್ಚಿದೆ; ಅದು ಈ ನೆಲದ್ದಲ್ಲವಾದರೂ ಎರಡು ವರ್ಷದೊಳಗೆ ಹಣ್ಣು ಕೊಡುತ್ತದೆ, ಹಕ್ಕಿಗಳು ಅದರ ಮೂಲವನ್ನು ವಿಚಾರಿಸುವುದಿಲ್ಲ. ಎಕ್ಕೆ ಮತ್ತು ತುಂಬೆ ತಾವಾಗಿಯೇ ಎದ್ದವು, ಕೀಳದೆ ಬಿಟ್ಟೆ. ಯಲಬುರ್ಗಾ ತಾಲ್ಲೂಕಿನ ಹಳ್ಳಿಯಲ್ಲಿ ಬದುಕು ಕಳೆದ ನಮ್ಮ ಅತ್ತೆಯವರು ಎಕ್ಕೆಗೆ ಕೈಮುಗಿದರು, ಆದರೆ ಕವಳಿಯ ವಿಷಯದಲ್ಲಿ, “ಬಾಗಲದ ಮುಂದ ಮುಳ್ಳ ಬ್ಯಾಡವಾ, ಬೇಕಾದ್ರ ಹಿತ್ತಲದಾಗ ಹಚ್ಕೋ” ಎಂದು ಗಡಿ ಹಾಕಿದರು. ಆ ಗಡಿಯನ್ನು ಇಂದಿಗೂ ಮೀರಿಲ್ಲ.

ಮುಳ್ಳಿನ ಬಗ್ಗೆ ನನಗೆ ಸ್ಪಷ್ಟವಾದ ಅಭಿಪ್ರಾಯವಿದೆ. ಬೆಕ್ಕು ಮತ್ತು ಕಾಗೆ ತುಂಬಿರುವ ಬಡಾವಣೆಯಲ್ಲಿ ಸಣ್ಣ ಹಕ್ಕಿ ಗೂಡು ಕಟ್ಟಬೇಕಾದರೆ ಅದಕ್ಕೆ ಬೇಕಾಗುವುದು ಕೈ ಹಾಕಲಾಗದ ದಟ್ಟ ಪೊದೆ. ಕವಳಿಯ ಪೊದೆ ಆಳೆತ್ತರಕ್ಕೆ ಬಂದ ವರ್ಷವೇ ಪಿಕಳಾರದ ಜೋಡಿ ಅದರೊಳಗೆ ಬಟ್ಟಲುಗೂಡು ಕಟ್ಟಿತು, ಅದರ ಮುಂದಿನ ಹಂಗಾಮಿನಲ್ಲಿ ರಾಟವಾಳಗಳು ಒಣಹುಲ್ಲನ್ನು ಉದ್ದುದ್ದ ಎಳೆದು ತಂದು ಉಂಡೆಗೂಡು ಮಾಡಿದವು. ರಾಟವಾಳಗಳು ತಂದ ಹುಲ್ಲು ನಮ್ಮ ಹಿತ್ತಲದ್ದೇ. ತೆಂಕಣ ಮೂಲೆಯಲ್ಲಿ ಹತ್ತು ಹೆಜ್ಜೆಯಷ್ಟು ಜಾಗವನ್ನು ಹೊಲದ ಹುಲ್ಲಿಗೆ, ಕರಿಕೆಗೆ ಬಿಟ್ಟು, ಅದು ತೆನೆಯೊಡೆದು ಬೀಜ ಉದುರಿಸಿ ಒಣಗುವ ತನಕ ಕೊಯ್ಯುವುದಿಲ್ಲ. ನೋಡಿದವರಿಗೆ ಅದು ಆಲಸ್ಯದ ಮೂಲೆ. ಅದರ ಪಕ್ಕದಲ್ಲಿ ಏನನ್ನೂ ಹಚ್ಚದ ಬರಿಯ ನೆಲವಿದೆ. ಗುಬ್ಬಿಗಳು ಹತ್ತು ಗಂಟೆಯ ಬಿಸಿಲಿಗೆ ಅಲ್ಲಿಯ ಹುಡಿಯಲ್ಲಿ ಕುಳಿ ಮಾಡಿಕೊಂಡು, ರೆಕ್ಕೆ ಬಡಿದು ಮಣ್ಣು ಮೀಯುತ್ತವೆ.

ಪಾಯಾ ತೆಗೆದಾಗ ಬಂದ ಕೆಂಪು ಮಣ್ಣಿನ ಗುಡ್ಡೆಯೊಂದು ಮೂಡಣ ಕಂಪೌಂಡಿನ ಹತ್ತಿರ ಉಳಿದಿತ್ತು. ಅದನ್ನು ಹರಡಿಸಿಬಿಡೋಣ ಎಂದು ನನ್ನ ಯಜಮಾನರು ಹೇಳುತ್ತಲೇ ಇದ್ದರು. ಮಳೆಗೆ ಒಂದು ಮಗ್ಗುಲು ಕುಸಿದು ನೆಟ್ಟಗೆ ನಿಂತ ಮೇಲೆ, ಶಿವರಾತ್ರಿ ಮುಗಿದ ಸುಮಾರಿಗೆ, ತಂತಿಯ ಮೇಲೆ ಕೂತು ನೊಣ, ಜೇನು ಹಿಡಿಯುತ್ತಿದ್ದ ಹಸಿರು ಕಳ್ಳಿಪೀರಗಳು ಆ ಮಗ್ಗುಲಿನಲ್ಲಿ ಕೊರೆಯತೊಡಗಿದವು. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕೊಕ್ಕಿನಿಂದ ಕುಟ್ಟಿ ಕಾಲಿನಿಂದ ಮಣ್ಣು ಹಿಂದಕ್ಕೆ ಎರಚುತ್ತವೆ. ಸುರಂಗ ಆಳವಾದ ಹಾಗೆ ಹಕ್ಕಿ ಕಾಣುವುದಿಲ್ಲ, ಹೊರಕ್ಕೆ ಚಿಮ್ಮುವ ಮಣ್ಣು ಮಾತ್ರ ಕಾಣುತ್ತದೆ. ಹಿಡಿದ ಜೇನನ್ನು ತಂತಿಗೆ ನಾಲ್ಕೈದು ಸಲ ಬಡಿದು, ಉಜ್ಜಿ, ಕೊಂಡಿಯ ವಿಷ ಇಳಿಸಿದ ಮೇಲೆಯೇ ಅವು ಮರಿಗೆ ಒಯ್ಯುತ್ತವೆ. ಗುಡ್ಡೆ ಅಲ್ಲಿಯೇ ಉಳಿಯಿತು, ಯಜಮಾನರೇ ಅದರ ಸುತ್ತ ಕಲ್ಲು ಜೋಡಿಸಿದರು.

ನೀರಿನ ವಿಷಯದಲ್ಲಿ ದೊಡ್ಡ ಕೊಳ, ಕಾರಂಜಿ ಯಾವುದೂ ಬೇಕಾಗಲಿಲ್ಲ. ಅತ್ತೆಯವರ ಊರಿನ ಮನೆಯಲ್ಲಿ ಬಿದ್ದಿದ್ದ ಕಲ್ಲಿನ ದೋಣಿಯನ್ನು (ನೀರಿನ ಬಾನಿ) ಟ್ರ್ಯಾಕ್ಟರಿನಲ್ಲಿ ತಂದು ಹೊಂಗೆಯ ನೆರಳಿಗೆ ಇಟ್ಟೆವು. ಒಳಗೆ ಇಳಿಜಾರಾಗಿ ಕಲ್ಲು ಜೋಡಿಸಿದ್ದರಿಂದ ಒಂದು ತುದಿಯಲ್ಲಿ ನೀರು ಬೆರಳಿನಷ್ಟೇ ಆಳ. ಗುಬ್ಬಿ, ಸೂರಕ್ಕಿಗಳು ಅಲ್ಲಿ ಇಳಿಯುತ್ತವೆ, ಆಳದ ಕಡೆ ಬೆಳವ, ಗೊರವಂಕಗಳು. ಜೇನುಹುಳುಗಳು ಒದ್ದೆ ಕಲ್ಲಿನ ಮೇಲೆ ಕೂತು ಹೀರುತ್ತವೆ, ಇಣಚಿ (ಅಳಿಲು) ಬಿದ್ದರೂ ಕಲ್ಲು ಹತ್ತಿ ಹೊರಬರುತ್ತದೆ. ಸೊಳ್ಳೆ ಮೊಟ್ಟೆಯಿಟ್ಟು ಮರಿ ರೆಕ್ಕೆ ಬಿಚ್ಚಲು ಒಂದು ವಾರದಷ್ಟಾದರೂ ಬೇಕು, ಆದ್ದರಿಂದ ಎರಡು ಮೂರು ದಿನಕ್ಕೊಮ್ಮೆ ದೋಣಿಯನ್ನು ತೊಳೆದು ಆ ನೀರನ್ನು ಪೇರಲದ ಬುಡಕ್ಕೆ ಚೆಲ್ಲಿದರೆ ಸೊಳ್ಳೆಯ ದೂರು ಬರುವುದಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಈ ದೋಣಿಯ ಎದುರು ಕಿಟಕಿಯಲ್ಲಿ ಕೂತರೆ ಬಡಾವಣೆಯ ಎಲ್ಲ ಹಕ್ಕಿಗಳ ಹಾಜರಿ ಸಿಗುತ್ತದೆ. ಹರಟೆಮಲ್ಲಗಳು ಗುಂಪಾಗಿ ಬಂದು, ಒಂದು ಮೀಯುವಾಗ ಇನ್ನೊಂದು ಕಾವಲಿಗೆ ಕೂತು, ಎಲ್ಲವೂ ಒಟ್ಟಿಗೆ ಗದ್ದಲ ಮಾಡಿ ಹೋಗುತ್ತವೆ.

ಹಕ್ಕಿಗಿಂತ ಮೊದಲು ಬಂದದ್ದು ಹುಳು. ನಿಂಬೆಯ ಎಳೆಯ ಚಿಗುರಿನಲ್ಲಿ ಒಂದು ದಿನ ಹಕ್ಕಿ ಹಿಕ್ಕೆ ಬಿದ್ದಂತೆ ಕಂಡದ್ದನ್ನು ಒರೆಸಲು ಹೋದರೆ ಅದು ಸರಿದಾಡಿತು. ನಿಂಬೆ ಪಾತರಗಿತ್ತಿಯ ಮರಿಹುಳುವಿನ ಎಳೆಯ ವೇಷ ಅದು: ಕಂದು ಮೈ, ನಡುವೆ ಬಿಳಿ ಪಟ್ಟೆ, ಹಸಿಯಾದ ಹೊಳಪು. ಬೆಳೆದಂತೆ ಪೊರೆ ಕಳಚಿ ಹಸಿರಾಗುತ್ತದೆ, ಎದೆಯ ಮೇಲೆ ಕಣ್ಣಿನಂಥ ಗುರುತು ಮೂಡುತ್ತದೆ. ಆಗ ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲುಕೋಡೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಒಂದು ಹುಳು ಕೋಶ ಕಟ್ಟುವ ಹೊತ್ತಿಗೆ ಒಂದು ಟೊಂಗೆಯ ಚಿಗುರು ಖಾಲಿಯಾಗುತ್ತದೆ. ಔಷಧಿ ಅಂಗಡಿಯವರಲ್ಲಿ ಇದಕ್ಕೆ ಬಾಟಲಿ ಸಿಗುತ್ತದೆ, ನಮ್ಮ ಬೀದಿಯ ಹಿರಿಯರೊಬ್ಬರು ಅದರ ಹೆಸರನ್ನು ಚೀಟಿಯಲ್ಲಿ ಬರೆದೂ ಕೊಟ್ಟರು. ತೋಟ ಮಾಡಿ ನಿಂಬೆ ಮಾರುವವರ ಕಷ್ಟ ಬೇರೆ; ಮನೆಗೆ ಉಪ್ಪಿನಕಾಯಿಯಾದರೆ ಸಾಕಾದ ನಮಗೆ ಆ ಟೊಂಗೆಯ ಚಿಗುರು ದೊಡ್ಡ ನಷ್ಟವಲ್ಲ. ಕರಿಬೇವಿನ ಮೇಲೂ ಇದರ ಬಂಧುವಾದ ಇನ್ನೊಂದು ಪಾತರಗಿತ್ತಿ ಮೊಟ್ಟೆಯಿಡುತ್ತದೆ, ಒಗ್ಗರಣೆಗೆ ಎಲೆ ಕೀಳುವಾಗ ತಿರುವಿ ನೋಡಿಕೊಳ್ಳುತ್ತೇವೆ.

ಎಕ್ಕೆಯ ಗಿಡವಂತೂ ಒಂದು ಪೇಟೆ. ಅದರ ಎಳೆಯ ತುದಿಗೆ ಹಳದಿ ಹೇನುಗಳು ಮುತ್ತುತ್ತವೆ, ಹೇನು ತಿನ್ನಲು ಗುಲಗಂಜಿ ಹುಳುಗಳು ಬರುತ್ತವೆ, ಹೂವಿಗೆ ಬಡಗಿ ದುಂಬಿಗಳು ಬರುತ್ತವೆ, ಎಲೆಯ ಅಡಿಯಲ್ಲಿ ಕಿತ್ತಳೆ ರೆಕ್ಕೆಯ ಪಾತರಗಿತ್ತಿ ಒಂದೊಂದೇ ಬಿಳಿ ಮೊಟ್ಟೆ ಅಂಟಿಸಿ ಹೋಗುತ್ತದೆ. ಇದರ ಮರಿಹುಳುವಿಗೆ ಮರೆಯಿಲ್ಲ. ಕಪ್ಪು, ಬಿಳಿ, ಹಳದಿ ಪಟ್ಟೆಗಳನ್ನು ತೋರಿಸಿಕೊಂಡೇ ಹಗಲಲ್ಲಿ ಮೇಯುತ್ತದೆ, ಏಕೆಂದರೆ ಎಕ್ಕೆಯ ಹಾಲಿನಲ್ಲಿರುವ ವಿಷವನ್ನು ತನ್ನ ಮೈಯಲ್ಲಿ ಶೇಖರಿಸಿಕೊಂಡಿರುವ ಇದನ್ನು ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಮುಟ್ಟುವುದಿಲ್ಲ. ಅದು ಎಲೆಯ ನರವನ್ನು ಮೊದಲು ಕಚ್ಚಿ, ಹಾಲು ಅಲ್ಲಿಯೇ ಸೋರಿಹೋಗಲು ಬಿಟ್ಟು, ಅನಂತರ ತುದಿಯ ಭಾಗವನ್ನು ತಿನ್ನುವುದನ್ನು ನನ್ನ ಮಗಳು ಮೊದಲು ಗಮನಿಸಿ ನನಗೆ ತೋರಿಸಿದಳು.

ಹುಳು ಬಂದ ಮೇಲೆ ಹಕ್ಕಿಗಳನ್ನು ಕರೆಯಬೇಕಾಗಿ ಬರಲಿಲ್ಲ. ಗುಬ್ಬಿ ಕಾಳು ತಿನ್ನುವ ಹಕ್ಕಿಯೆಂದೇ ನಾವು ತಿಳಿದಿರುತ್ತೇವೆ, ಆದರೆ ಗೂಡಿನಲ್ಲಿರುವ ಎಳೆಯ ಮರಿಗೆ ತಾಯಿತಂದೆಗಳು ತಂದು ಉಣಿಸುವುದು ಹೆಚ್ಚಾಗಿ ಹುಳುವನ್ನೇ. ಮೂಡಣ ಗೋಡೆಗೆ, ಮಾಳಿಗೆಯ ಚಾಚಿನ ಕೆಳಗೆ ಕಟ್ಟಿದ ಮರದ ಪೆಟ್ಟಿಗೆಗೆ ಒಂದೂಕಾಲು ಅಂಗುಲದ ತೂತಿದೆ. ಗೊರವಂಕ ಅದರಲ್ಲಿ ನುಗ್ಗಲಾರದು. ಹಂಗಾಮಿನಲ್ಲಿ ಗುಬ್ಬಿಯ ಜೋಡಿ ನುಗ್ಗೆಯ ಮರಿಹುಳು, ಕರಿಕೆಯ ಮಿಡತೆಗಳನ್ನು ಬೆಳಗಿನಿಂದ ಸಂಜೆಯವರೆಗೆ ಅಲ್ಲಿಗೆ ಸಾಗಿಸುತ್ತದೆ. ಎಳ್ಳಮಾವಾಸ್ಯೆಯ ಹೊತ್ತಿಗೆ ಊರಿನಿಂದ ಬರುವ ಸಜ್ಜೆ ತೆನೆಗಳನ್ನು ಪಡಸಾಲೆಯ ತೊಲೆಗೆ ಕಟ್ಟುವ ರೂಢಿಯನ್ನು ಅತ್ತೆಯವರು ಇಲ್ಲಿಯೂ ಬಿಟ್ಟಿಲ್ಲ, ದೊಡ್ಡ ಗುಬ್ಬಿಗಳಿಗೆ ಅದೂ ಇರಲಿ. ಸಿಂಪಿಗ ಹಕ್ಕಿಯು ಗೂಡಿಗೆಂದು ಅಂಜೂರದ ಎರಡು ಎಲೆಗಳನ್ನು ಅಂಚಿಗೆ ಅಂಚು ಸೇರಿಸಿ, ತೂತು ಮಾಡಿ, ಜೇಡನ ಎಳೆ ಮತ್ತು ಹತ್ತಿಯ ನಾರಿನಿಂದ ಹೊಲಿದು, ಒಳಗೆ ಎಕ್ಕೆಯ ಅರಳೆ ಹಾಸಿತ್ತು. ಪ್ರತಿ ತೂತಿನ ಹೊರಗೆ ನಾರು ಉಬ್ಬಿ ನಿಂತು ಗಂಟಿನ ಕೆಲಸ ಮಾಡುತ್ತಿತ್ತು.

ಎಲ್ಲಕ್ಕಿಂತ ಹತ್ತಿರದಿಂದ ನೋಡಲು ಸಿಕ್ಕದ್ದು ಊದಾ ಸೂರಕ್ಕಿಯ ಗೂಡು. ಬಟ್ಟೆ ಒಣಗಿಸುವ ತಂತಿಯ ಕೊನೆಯಲ್ಲಿ ಹರಿದು ಜೋತಾಡುತ್ತಿದ್ದ ನೈಲಾನ್ ಹಗ್ಗದ ತುಂಡಿಗೆ, ಮನುಷ್ಯರ ತಲೆ ತಾಗುವ ಎತ್ತರದಲ್ಲಿ, ಫೆಬ್ರವರಿ ತಿಂಗಳಲ್ಲಿ ಹೆಣ್ಣು ಹಕ್ಕಿ ಜೇಡರಬಲೆ ಸುತ್ತಲು ಆರಂಭಿಸಿತು. ಕಟ್ಟಡದ ಕೆಲಸವೆಲ್ಲ ಅದರದೇ. ಕಪ್ಪು ನೇರಳೆ ಬಣ್ಣದಲ್ಲಿ ಮಿರುಗುವ ಗಂಡು ನುಗ್ಗೆಯ ತುದಿಯಲ್ಲಿ ಕೂತು ಚೀಂವ್ ಚೀಂವ್ ಎನ್ನುತ್ತ, ಹೆಣ್ಣಿನ ಹಿಂದೆ ಮುಂದೆ ಹಾರುತ್ತ ಮೇಲ್ವಿಚಾರಣೆ ಮಾಡುತ್ತಿತ್ತು. ಒಣ ಎಲೆಯ ಚೂರು, ಬೇವಿನ ತೊಗಟೆಯ ಪುಡಿ, ಕಂಬಳಿಹುಳುವಿನ ಹಿಕ್ಕೆ, ಅತ್ತೆಯವರ ಹಳೆಯ ಕೌದಿಯಿಂದ ಎಳೆದ ನೂಲು, ಎಲ್ಲವೂ ಬಲೆಗೆ ಅಂಟಿಕೊಂಡು ಕೆಲದಿನಗಳಲ್ಲಿ ಒಂದು ಹರಕು ಚೀಲ ಸಿದ್ಧವಾಯಿತು. ದೂರದಿಂದ ಕಸ ಸಿಕ್ಕಿಕೊಂಡಿದೆ ಎನ್ನಿಸುತ್ತದೆ. ಪಕ್ಕದಲ್ಲಿ ನಿಂತರೆ ಬಾಗಿಲಿನ ಮೇಲೆ ಪುಟ್ಟ ಮಾಡವೂ ಒಳಗೆ ಮೆತ್ತನೆಯ ಹಾಸೂ ಇರುವುದು ಕಾಣುತ್ತದೆ. ಮರಿ ಹಾರಿಹೋಗುವ ತನಕ ನಾವು ತಂತಿಯ ಆ ಅರ್ಧಕ್ಕೆ ಬಟ್ಟೆ ಹಾಕಲಿಲ್ಲ. ಮಕರಂದ ಕುಡಿಯುವ ಹಕ್ಕಿಯೇ ಆದರೂ ಮರಿಗಳಿಗೆ ಅದು ಜೇಡ ಮತ್ತು ಸಣ್ಣ ಹುಳುಗಳನ್ನೇ ತರುತ್ತಿತ್ತು. ಕಂಪೌಂಡಿನ ಮೂಲೆಯ ಜೇಡರಬಲೆ ಗುಡಿಸದೆ ಬಿಟ್ಟದ್ದಕ್ಕೆ ನನಗೆ ಮನೆಯಲ್ಲಿ ಅಂದಿನಿಂದ ಯಾರೂ ತಕರಾರು ಹೇಳುತ್ತಿಲ್ಲ. ಹಂಗಾಮು ಮುಗಿದ ಮೇಲೆ ಗಂಡು ತನ್ನ ಮಿರುಗು ಕಳೆದುಕೊಂಡು ಹೆಣ್ಣಿನ ಮಾಸಲು ಬಣ್ಣಕ್ಕೆ ಇಳಿಯುತ್ತದೆ, ಎದೆಯ ನಡುವೆ ಕಪ್ಪು ಗೆರೆಯೊಂದು ಉಳಿಯುತ್ತದೆ.

ಮಿರಗ ಮಳೆಯ ಮೊದಲ ಹದಕ್ಕೆ ಹಿತ್ತಲು ತನ್ನ ಮೇಳ ಬದಲಿಸುತ್ತದೆ. ಹಿಂದಿನ ರಾತ್ರಿ ನೆನೆದ ಕೆಂಪು ಮಣ್ಣಿನ ಮೇಲೆ ಬೆಳಗಿನ ಹೊತ್ತು ಮಖಮಲ್ಲಿನ ಮೈಯ ಇಂದ್ರಗೋಪಗಳು ಹರಿದಾಡುತ್ತವೆ, ಬಿಸಿಲೇರುವ ಮೊದಲು ಮತ್ತೆ ಮಣ್ಣಿಗಿಳಿಯುತ್ತವೆ. ಬೇಸಿಗೆಯುದ್ದಕ್ಕೂ ನೆಲದೊಳಗೆ ಹುದುಗಿ ಕುಳಿತಿದ್ದ ಕಪ್ಪೆಗಳು ಕಾಲುವೆಯಲ್ಲಿ ನೀರು ನಿಂತ ರಾತ್ರಿಯೇ ಹೊರಬಂದು ಕೂಗುತ್ತವೆ. ಜೂನ್ ತಿಂಗಳಲ್ಲಿ ಬೇವಿನ ಹಣ್ಣು ಕಳಿತು ಕೋಗಿಲೆ, ಪಿಕಳಾರಗಳು ಹಗಲಿಗೂ ಬಾವಲಿಗಳು ರಾತ್ರಿಗೂ ಬರುತ್ತವೆ. ಬಾವಲಿಗಳು ಉಗಿದ ಬೀಜದಿಂದ ನಿಲ್ಲಿಸಿದ ಕಾರಿನ ಬಣ್ಣ ಕೆಡುತ್ತದೆ ಎಂಬ ದೂರನ್ನು ಒಪ್ಪಿಕೊಂಡು ಕಾರನ್ನೇ ಬೇರೆ ಕಡೆ ನಿಲ್ಲಿಸುತ್ತಿದ್ದೇವೆ. ಗೀಜಗಗಳು ನಮ್ಮಲ್ಲಿ ಗೂಡು ಕಟ್ಟಿಲ್ಲ, ಅವುಗಳಿಗೆ ನೀರಿನ ಮೇಲೆ ಬಾಗಿದ ಜಾಲಿ, ಈಚಲು ಬೇಕು. ಆದರೂ ಹಳದಿ ಟೋಪಿಯ ಗಂಡುಗಳು ತೆಂಕಣ ಮೂಲೆಯ ಎತ್ತರದ ಹುಲ್ಲಿಗೆ ಬಂದು, ಗರಿಯ ಅಂಚನ್ನು ಕೊಕ್ಕಿನಿಂದ ಕಚ್ಚಿ ಸರ್ರನೆ ಉದ್ದಕ್ಕೆ ಸೀಳಿ ಒಯ್ಯುತ್ತವೆ.

ಹಾವಿನ ಮಾತನ್ನು ಎತ್ತದೆ ಇಂಥ ಹಿತ್ತಲಿನ ಬಗ್ಗೆ ಬರೆಯುವುದು ಸರಿಯಲ್ಲ. ಹೆಗ್ಗಣ, ಇಲಿ, ಕಪ್ಪೆ ಇರುವ ಕಡೆ ಕೇರೆಹಾವು ಬರುತ್ತದೆ, ಅದಕ್ಕೆ ವಿಷವಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲಗಳೂ ನಮ್ಮ ಸೀಮೆಯಲ್ಲಿ ಇವೆ, ಕಲ್ಲುಗುಡ್ಡದ ಮಗ್ಗುಲಿನ ಒಣ ನೆಲದಲ್ಲಿ ಒಂದು ಗೇಣಿಗಿಂತ ತುಸು ಉದ್ದವಿರುವ ಗರಗಸಮಂಡಲವೂ ಇದೆ. ಆದ್ದರಿಂದ ಮನೆಯ ಗೋಡೆಯ ಸುತ್ತ ಆರು ಅಡಿ ಅಗಲಕ್ಕೆ ಏನನ್ನೂ ಬೆಳೆಸದೆ ಫರಸಿ ಹಾಸಿದ್ದೇವೆ, ಕಲ್ಲಿನ ಗುಂಪನ್ನೂ ಬೊಡ್ಡೆಗಳನ್ನೂ ದೂರದ ಮೂಲೆಯಲ್ಲಿಯೇ ಇಟ್ಟಿದ್ದೇವೆ, ಬಾಗಿಲಿನ ಕೆಳಗಿನ ಸಂದುಗಳನ್ನು ಮುಚ್ಚಿಸಿದ್ದೇವೆ. ಕತ್ತಲಾದ ಮೇಲೆ ಬ್ಯಾಟರಿ ಮತ್ತು ಚಪ್ಪಲಿ ಇಲ್ಲದೆ ಯಾರೂ ಹಿತ್ತಲಿಗೆ ಕಾಲಿಡಬಾರದು ಎಂಬ ನಿಯಮಕ್ಕೆ ಮನೆಯಲ್ಲಿ ವಿನಾಯಿತಿ ಇಲ್ಲ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಇವಾವುದೂ ಕೂಡದು, ಅಲ್ಲಾಡಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನೂ 108 ಸಂಖ್ಯೆಯನ್ನೂ ಅಡಿಗೆಮನೆಯ ಗೋಡೆಗೆ ಬರೆದು ಅಂಟಿಸಿದ್ದೇನೆ. ಮುಂಗುಸಿಯ ಓಡಾಟ ಹೆಚ್ಚಾದ ಮೇಲೆ ಅತ್ತೆಯವರ ಅಂಜಿಕೆ ಕಡಿಮೆಯಾಗಿದೆ.

ಹಾಲಕ್ಕಿಯ ಬಗ್ಗೆ ಮಾತ್ರ ಅವರ ಮನಸ್ಸನ್ನು ಬದಲಿಸಲು ನನ್ನಿಂದ ಆಗಿಲ್ಲ. ಹಿಂದಿನ ಹೊಲದಲ್ಲಿ ಉಳಿದ ಹಳೆಯ ಹುಣಿಸೆಯ ಪೊಟರೆಯಿಂದ ಸಂಜೆಗೆ ಹೊರಬಂದು, ನಮ್ಮ ಕಂಪೌಂಡಿನ ಮೇಲೆ ಕೂತು, ತಲೆ ಕುಣಿಸುತ್ತ ನಮ್ಮನ್ನು ದಿಟ್ಟಿಸಿ ನೋಡುವ ಗೂಬೆಜಾತಿಯ ಈ ಹಕ್ಕಿ ಬೀದಿದೀಪಕ್ಕೆ ಮುತ್ತುವ ಹುಳುಗಳನ್ನು, ಕತ್ತಲಲ್ಲಿ ಹರಿದಾಡುವ ಇಲಿಮರಿಗಳನ್ನು ಹಿಡಿಯುತ್ತದೆ. ಅದು ಕೂಗಿದ ದಿಕ್ಕನ್ನು ಲೆಕ್ಕ ಹಾಕಿ ಅತ್ತೆಯವರು ಮರುದಿನದ ಪ್ರಯಾಣವನ್ನು ಒಮ್ಮೊಮ್ಮೆ ಮುಂದೂಡುತ್ತಾರೆ. ಪ್ರಯಾಣ ಮುಂದಕ್ಕೆ ಹೋಗಲಿ, ಹಕ್ಕಿಗೆ ಕಲ್ಲು ಬೀಳದಿದ್ದರೆ ಸಾಕು ಎಂದು ನಾನು ಸುಮ್ಮನಿದ್ದೇನೆ. ಹಿತ್ತಲ ಬಾಗಿಲಿನ ಬಿಳಿಯ ದೀಪವನ್ನು ತೆಗೆದು ಮಂದವಾದ ಹಳದಿ ದೀಪ ಹಾಕಿಸಿದ ಮೇಲೆ ಮನೆಯೊಳಗೆ ನುಗ್ಗುವ ಪತಂಗಗಳ ಕಾಟ ತಗ್ಗಿತು.

ನಷ್ಟವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಪೇರಲದ ಹಣ್ಣಿನಲ್ಲಿ ಅರ್ಧ ಇಣಚಿ ಮತ್ತು ಗಿಳಿಗಳ ಪಾಲು. ಮಂಗಗಳು ಗುಡ್ಡದಿಂದ ಇಳಿದ ದಿನ ಎಲ್ಲವೂ ಅವುಗಳದ್ದೇ. ಬೀದಿಯ ಬೆಕ್ಕುಗಳು ಪಿಕಳಾರದ ಮರಿಗಳನ್ನು ಒಯ್ದದ್ದುಂಟು; ದೋಣಿಯ ಸುತ್ತ ನಾಲ್ಕೈದು ಅಡಿ ಬಯಲು ಬಿಟ್ಟು, ಬೆಕ್ಕು ಅವಿತು ಕೂರುವ ಜಾಗವಿಲ್ಲದ ಹಾಗೆ ಮಾಡಿದ ಮೇಲೆ ಕುಡಿಯಲು ಬಂದ ಹಕ್ಕಿಗಳಿಗಾದರೂ ಅಪಾಯ ಕಡಿಮೆಯಾಗಿದೆ. ತಂಗಡಿ ಮತ್ತು ಕವಳಿಗೆ ಈಗ ನೀರನ್ನೇ ಹಾಕುವುದಿಲ್ಲ. ನಿಂಬೆ, ಪೇರಲಗಳಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಟಾಕಿಯ ನೀರು ಸಾಲುತ್ತದೆ, ಟಾಕಿ ಬರಿದಾದರೆ ದೋಣಿ ತೊಳೆದ ನೀರು.

ಹುಲ್ಲುಹಾಸು ಹಾಕಿಸಿಕೊಂಡ ನೆರೆಮನೆಯವರು ಹೋದ ಬೇಸಿಗೆಯಲ್ಲಿ ಅದನ್ನು ಅರ್ಧಕ್ಕೆ ಇಳಿಸಿ, ಬೇಲಿಗೆ ಕವಳಿ ಬೇಕೆಂದು ಕೇಳಿದರು. ಕವಳಿಯ ಬೀಜ ಒಣಗಿಸಿ ಡಬ್ಬಿಯಲ್ಲಿಟ್ಟರೆ ಮೊಳೆಯುವ ಶಕ್ತಿ ಬೇಗನೆ ಹೋಗುತ್ತದೆ, ಕಪ್ಪಗೆ ಕಳಿತ ಹಣ್ಣಿನಿಂದ ತೆಗೆದು ತೊಳೆದು ಕೂಡಲೇ ಬಿತ್ತಬೇಕು. ಹಣ್ಣು ನಮ್ಮ ಕೈಗೆ ಬರುವ ಮೊದಲು ಪಿಕಳಾರಗಳ ಕಣ್ಣಿಗೆ ಬೀಳುವುದರಿಂದ ಈ ಸಲ ಎರಡು ಟೊಂಗೆಗಳಿಗೆ ಹಳೆಯ ಸೊಳ್ಳೆಪರದೆಯ ತುಂಡು ಸುತ್ತಿ ಹಣ್ಣು ಕಾಯ್ದುಕೊಂಡೆ. ಬೀಜ ಈಗ ಮಸಾರಿ ಮಣ್ಣು, ಉಸುಕು, ಗೊಬ್ಬರ ಸಮನಾಗಿ ಬೆರೆಸಿದ ಚೀಲಗಳಲ್ಲಿ ಮೊಳೆತಿದೆ. ಎಳೆಯ ಕವಳಿಯ ಬೆಳವಣಿಗೆ ನಿಧಾನ, ಮುಂದಿನ ಆರಿದ್ರಾ ಮಳೆಗೆ ಹಚ್ಚಲು ಬರುತ್ತವೆ.